ವರ್ತಕರಿಗೆ ಪತ್ತು ದೊರೆತ ಬಗೆ: ಹದಿನೆಂಟನೆಯ ಶತಮಾನದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್

ಶ್ರೀಮಂತ ದೇಶದಲ್ಲಿ ವರ್ತಕನಿಗೆ ಸಾಲ ಸುಲಭ, ಬಡ ದೇಶದಲ್ಲಿ ದುರ್ಲಭ ಎಂಬ ಮಾತನ್ನು ನಾವು ತರಗತಿಗಳಲ್ಲಿ ಪರೀಕ್ಷಿಸದೆಯೇ ಹೇಳಿಬಿಡುವುದುಂಟು. ಹದಿನೆಂಟನೆಯ ಶತಮಾನದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳನ್ನು ಹೋಲಿಸಿದರೆ ಈ ಮಾತು ನಿಲ್ಲುವುದಿಲ್ಲ. 1707ರಲ್ಲಿ ಎರಡು ರಾಜ್ಯಗಳ ಪಾರ್ಲಿಮೆಂಟುಗಳು ಒಂದಾದರೂ ಬ್ಯಾಂಕುಗಳ ಕಟ್ಟಳೆಗಳು ಬೇರೆಬೇರೆಯಾಗಿಯೇ ಉಳಿದವು. ಇವೆರಡರಲ್ಲಿ ಬಡವಾಗಿದ್ದ ಸ್ಕಾಟ್ಲೆಂಡಿನ ವರ್ತಕನಿಗೇ ಪತ್ತು ಹೆಚ್ಚು ಸುಲಭವಾಗಿತ್ತು.

ಇಂಗ್ಲೆಂಡಿನಲ್ಲಿ 1694ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಇಂಗ್ಲೆಂಡಿನ ಹಿತರಕ್ಷಣೆಗಾಗಿ 1708ರಲ್ಲಿ ಒಂದು ಶಾಸನವಾಯಿತು. ಆರಕ್ಕಿಂತ ಹೆಚ್ಚು ಪಾಲುದಾರರಿರುವ ಬೇರಾವ ಸಂಸ್ಥೆಯೂ ನೋಟುಗಳನ್ನು ಹೊರಡಿಸುವ ಬ್ಯಾಂಕನ್ನು ನಡೆಸುವಂತಿರಲಿಲ್ಲ. ಹೀಗಾಗಿ ಊರೂರುಗಳಲ್ಲಿ ಹುಟ್ಟಿದ ಬ್ಯಾಂಕುಗಳೆಲ್ಲ ಅಲ್ಪ ಬಂಡವಾಳದ ಮನೆತನದ ಅಂಗಡಿಗಳಂತೆಯೇ ಉಳಿದವು. ವರ್ತಕನು ಹಣ ಬೇಕಾದಾಗ ತನ್ನ ಬಳಿಯಿದ್ದ ಹುಂಡಿಗಳನ್ನು ವಾಯಿದೆಗೆ ಮುಂಚೆಯೇ ಬಡ್ಡಿ ಮುರಿದು ನಗದು ಮಾಡಿಕೊಳ್ಳುತ್ತಿದ್ದನು. ಆದರೆ ಹುಂಡಿ ಕೈಗೆ ಬರಬೇಕಾದರೆ ಸರಕು ಮೊದಲು ಮಾರಾಟವಾಗಿರಬೇಕಷ್ಟೆ!

ಸ್ಕಾಟ್ಲೆಂಡಿನಲ್ಲಿ 1695ರ ಬ್ಯಾಂಕ್ ಆಫ್ ಸ್ಕಾಟ್ಲೆಂಡಿಗಿದ್ದ ಏಕಸ್ವಾಮ್ಯ 1716ರಲ್ಲಿ ಮುಗಿದುಹೋಯಿತು. 1727ರಲ್ಲಿ ರಾಯಲ್ ಬ್ಯಾಂಕ್ ಪ್ರತಿಸ್ಪರ್ಧಿಯಾಗಿ ತಲೆಯೆತ್ತಿತು. ಈ ಬ್ಯಾಂಕು 1728ರಲ್ಲಿ ಎಡಿನ್‌ಬರೋ ನಗರದ ವರ್ತಕನೊಬ್ಬನಿಗೆ ತನ್ನ ಖಾತೆಯಲ್ಲಿ ಇದ್ದುದಕ್ಕಿಂತ 1000 ಪೌಂಡುಗಳವರೆಗೆ ಹೆಚ್ಚಾಗಿ ತೆಗೆದುಕೊಳ್ಳಲು ಅನುಮತಿಯಿತ್ತಿತು. ‘ಕ್ಯಾಶ್ ಕ್ರೆಡಿಟ್’ ಪದ್ಧತಿಯ ಆರಂಭವೇ ಇದು. ನಮ್ಮ ಬ್ಯಾಂಕುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಈ ಹೆಸರು ಅಲ್ಲಿಂದಲೇ ಬಂದುದು. ಆದರೆ ಇಲ್ಲಿ ಸಾಮಾನ್ಯವಾಗಿ ದಾಸ್ತಾನಿನ ಸರಕೇ ಆಧಾರ, ಅಲ್ಲಿ ಮನುಷ್ಯರೇ ಆಧಾರ. ಪ್ರತಿಷ್ಠಿತರಾದ ಇಬ್ಬರು ಜಾಮೀನು ನಿಂತರೆ ಸಾಕಾಗಿತ್ತು. ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಮರಳಿಸುವಾಗಲೂ ಚಿಲ್ಲರೆಯಾಗಿ ಕಟ್ಟಬಹುದು. ಬ್ಯಾಂಕಿಗೂ ಲಾಭವಿಲ್ಲದೆ ಇರಲಿಲ್ಲ. ಸಾಲವು ಅದರ ನೋಟುಗಳ ರೂಪದಲ್ಲಿಯೇ ಹೊರಟು ಪೇಟೆಯಲ್ಲಿ ಚಲಾವಣೆಯಾಗುತ್ತಿತ್ತು.

1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆಡಂ ಸ್ಮಿತ್ ಲಂಡನ್ನಿನ ಒಬ್ಬ ವರ್ತಕನನ್ನೂ ಎಡಿನ್‌ಬರೋದ ಒಬ್ಬನನ್ನೂ ಎದುರುಬದುರಾಗಿ ನಿಲ್ಲಿಸಿದ್ದಾನೆ. ಮೊದಲನೆಯವನು ಆಗಾಗ ಬರುವ ಬೇಡಿಕೆಗಳಿಗಾಗಿ ಒಂದಷ್ಟು ಹಣವನ್ನು ಸದಾ ತಿಜೋರಿಯಲ್ಲಿ ಕೂಡಿಟ್ಟಿರಬೇಕು. ಎರಡನೆಯವನು ಆ ಹಣವನ್ನೂ ಸರಕಿಗೆ ತೊಡಗಿಸಬಲ್ಲನು. ಬಂಡವಾಳ ಸಮವಾಗಿದ್ದರೂ ವ್ಯಾಪಾರ ಸಮವಲ್ಲ.

ಸ್ಕಾಟ್ಲೆಂಡಿನ ಕ್ರಮ ನಿರ್ದೋಷವೆಂದು ನಾವು ಹೇಳಲಾರೆವು. 1769ರಲ್ಲಿ ಏರ್ ಪಟ್ಟಣದಲ್ಲಿ ಆರಂಭವಾದ ಬ್ಯಾಂಕು ವಿವೇಚನೆಯಿಲ್ಲದೆ ಸಾಲ ಹಂಚಿ 1772ರಲ್ಲಿ ಬಾಗಿಲು ಹಾಕಿತು. ಹೊಣೆಗಾರಿಕೆಗೆ ಮಿತಿಯಿಲ್ಲದುದರಿಂದ ಪಾಲುದಾರರಾಗಿದ್ದ ಭೂಮಾಲಿಕರು ಜಮೀನು ಮಾರಿ ಋಣ ತೀರಿಸಬೇಕಾಯಿತು. ಆದರೆ 1825ರ ಮುಗ್ಗಟ್ಟಿನಲ್ಲಿ ಇಂಗ್ಲೆಂಡಿನ ಹತ್ತಾರು ಬ್ಯಾಂಕುಗಳು ಕುಸಿದಾಗ ಸ್ಕಾಟ್ಲೆಂಡಿನ ಬ್ಯಾಂಕುಗಳು ಬಹುಮಟ್ಟಿಗೆ ನಿಂತವು. ಮರುವರ್ಷವೇ ಪಾರ್ಲಿಮೆಂಟು ಲಂಡನ್ನಿನಿಂದ 65 ಮೈಲಿಯಾಚೆ ಆರು ಪಾಲುದಾರರ ನಿರ್ಬಂಧವನ್ನು ತೆಗೆದುಹಾಕಿತು.

ಆದರೂ ‘ಸುಲಭ’ ಎಂಬ ಮಾತನ್ನು ವಿದ್ಯಾರ್ಥಿಗಳು ಎಚ್ಚರದಿಂದ ಬಳಸಬೇಕು. ಜಾಮೀನು ನಿಲ್ಲುವ ಬಂಧುವಾಗಲಿ ನೆರೆಯವನಾಗಲಿ ಇಲ್ಲದವನಿಗೆ, ಪರ ಊರಿನಿಂದ ಬಂದು ನೆಲೆಸಿದವನಿಗೆ, ಎಡಿನ್‌ಬರೋದ ಬ್ಯಾಂಕಿನ ಬಾಗಿಲೂ ಮುಚ್ಚಿಯೇ ಇತ್ತು.