ನಿಮಗಿದು ಗೊತ್ತೆ? ಉಪ್ಪುನೀರಿಗೂ ಜಗ್ಗದ ಕಗ್ಗ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಕಡೆ, ಒಡ್ಡು ಕಟ್ಟಿ ಉಪ್ಪುನೀರು ತಡೆದು ಮಾಡಿಕೊಂಡ ತಗ್ಗು ಗದ್ದೆಗಳಿವೆ. ಅವೇ ಗಜನಿ. ಮಾಣಿಕಟ್ಟಾ ಊರಿನವರು ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಮುಂಗಾರು ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚಿಬಿಟ್ಟರೆ ಆಯಿತು. ಗೊಬ್ಬರ, ಔಷಧಿ ಯಾವುದೂ ಇಲ್ಲ. ಎತ್ತರಕ್ಕೆ ಬೆಳೆಯುವ ಈ ಪೈರು ಕೆಲ ದಿನ ನೆರೆಯಲ್ಲಿ ಮುಳುಗಿದರೂ ಸಾಯದು. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸುತ್ತಾರೆ. ಬಳಿಕ ಒಡ್ಡಿನ ಬಾಗಿಲು ತೆಗೆದು ಭರತದ ನೀರು ಒಳಬಿಟ್ಟರೆ, ನಿಂತ ಹುಲ್ಲು ಕೊಳೆತು ಸಿಗಡಿ, ಮೀನುಗಳಿಗೆ ಮೇವು. ಸಿಗಡಿ ದುಡ್ಡಿನಾಸೆಗೆ ಎಷ್ಟೋ ಗಜನಿಗಳಲ್ಲಿ ಭತ್ತವೇ ನಿಂತುಹೋಯಿತೆನ್ನಿ. ಅಘನಾಶಿನಿಯ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.