ಸ್ವಲೀನರ ಮನೋವ್ಯಥೆ ಮತ್ತು ಅದರ ಉಪಚಾರ

ಆಟಿಸಂ ಎಂಬ ಪದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪರ್ಯಾಯವು ರೂಢಿಗೆ ಬಂದಿದೆ. ಪದವು ಸೊಗಸಾಗಿದೆಯಾದರೂ ಕೊಂಚ ದಾರಿ ತಪ್ಪಿಸುವಂತಹುದು. ತನ್ನಲ್ಲಿಯೇ ಲೀನನಾದವನಿಗೆ ಹೊರಗಿನ ನೋವು ತಟ್ಟದು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಶಾಲೆಯ ಗಂಟೆಯ ನಾದ, ಪ್ರಸಾದ ನಿಲಯದ ಗದ್ದಲ, ಅನಿರೀಕ್ಷಿತ ಸ್ಪರ್ಶ, ಇವು ಇಂತಹ ಅನೇಕ ಮಕ್ಕಳನ್ನು ಉಳಿದವರಿಗಿಂತ ಬಹು ತೀವ್ರವಾಗಿ ತಾಗುತ್ತವೆ. ತಾಗಿದುದನ್ನು ಹೇಳಿಕೊಳ್ಳುವ ಮಾತು ಮಾತ್ರ ಅವರಿಗೆ ಸುಲಭವಾಗಿ ಒದಗುವುದಿಲ್ಲ.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ ಅವರು ೧೯೪೩ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿಯ ಶಾಸ್ತ್ರೀಯ ಅಧ್ಯಯನಕ್ಕೆ ನಾಂದಿಯಾಯಿತು. ಬಳಿಕ ಕೆಲವು ದಶಕಗಳ ಕಾಲ ತಾಯಿಯ ನಿರ್ಲಿಪ್ತತೆಯೇ ಇದಕ್ಕೆ ಕಾರಣವೆಂಬ ಕಲ್ಪನೆ ಪ್ರಚಾರದಲ್ಲಿತ್ತು. ಆ ಅಪವಾದವನ್ನು ಹೊತ್ತು ಎಷ್ಟು ತಾಯಂದಿರು ಕೊರಗಿದರೋ! ಅದಕ್ಕೆ ಆಧಾರವಿಲ್ಲವೆಂಬುದು ಇಂದು ಸಿದ್ಧವಾಗಿದೆ. ಸ್ವಲೀನತೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಬಹುಮಟ್ಟಿಗೆ ಹುಟ್ಟಿನಿಂದ ಬಂದುದು.

ಆ ಹನ್ನೊಂದು ಮಂದಿಯಲ್ಲಿ ಮೊದಲನೆಯವನು ಮಿಸಿಸಿಪಿ ರಾಜ್ಯದ ಡೊನಾಲ್ಡ್ ಟ್ರಿಪ್ಲೆಟ್. ಮೂರನೆಯ ವಯಸ್ಸಿನಲ್ಲಿಯೇ ಅವನನ್ನು ಒಂದು ಸಂಸ್ಥೆಗೆ ಸೇರಿಸಿ, ಸುಮಾರು ವರ್ಷದ ತರುವಾಯ ತಂದೆತಾಯಿಗಳು ಮರಳಿ ಕರೆತಂದರು. ಮುಂದೆ ಅವನು ಕೆಲಕಾಲ ಒಂದು ರೈತ ದಂಪತಿಗಳ ಮನೆಯಲ್ಲಿ ಬೆಳೆದನು. ೧೯೪೫ರಲ್ಲಿ ಅಲ್ಲಿಗೆ ಹೋದ ಕ್ಯಾನರ್ ಬೆರಗಾದರು. ಹುಡುಗನಿಗೆ ಅಳತೆಯ ಗೀಳು. ದಂಪತಿಗಳು ಅವನಿಂದ ಬಾವಿ ತೋಡಿಸಿ ಆಳವನ್ನು ಅಳೆದು ಹೇಳಿಸಿದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುವನು. ಉಳುತ್ತ ಎಣಿಸು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುವನು. ಅವಕ್ಕೊಂದು ಸಮಾಧಿಸ್ಥಳವನ್ನು ಬಿಟ್ಟುಕೊಟ್ಟರು. ಆತನು ಪ್ರತಿಯೊಂದಕ್ಕೂ ಹೆಸರಿಟ್ಟು, ಕೊನೆಗೆ ಆ ರೈತನ ಮನೆತನದ ಹೆಸರನ್ನೇ ಸೇರಿಸಿ ಫಲಕ ನೆಟ್ಟನು! ಅವರು ಮನೋವಿಜ್ಞಾನಿಗಳಲ್ಲ, ಗೇಣಿದಾರರು. ಗೀಳನ್ನು ಮುರಿಯಲು ಹೋಗದೆ ಅದಕ್ಕೊಂದು ಕೆಲಸವನ್ನು ಹಚ್ಚಿದರು, ಅಷ್ಟೆ.

ಕ್ಯಾನರ್ ೧೯೭೧ರಲ್ಲಿ ಆ ಹನ್ನೊಂದು ಮಂದಿಯ ಮುಂದಿನ ಬದುಕನ್ನು ಪರಿಶೀಲಿಸಿದರು. ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಸೇರಿದವರು ಇದ್ದ ಶಕ್ತಿಯನ್ನೂ ಕಳೆದುಕೊಂಡು ಕುಗ್ಗಿಹೋಗಿದ್ದರು. ಡೊನಾಲ್ಡ್ ೧೯೫೮ರಲ್ಲಿ ಪದವೀಧರನಾಗಿ, ತನ್ನೂರಿನ ಬ್ಯಾಂಕಿನಲ್ಲಿ ಉದ್ಯೋಗಿಯಾಗಿದ್ದನು.

ಆಘಾತವೆಂದರೆ ಯುದ್ಧ, ಅಪಘಾತ, ಅತ್ಯಾಚಾರಗಳಂತಹ ಘೋರ ಘಟನೆಗಳ ಪರಿಣಾಮವೆಂದೇ ವೈದ್ಯಶಾಸ್ತ್ರವು ಎಣಿಸುತ್ತ ಬಂದಿದೆ. ೨೦೨೦ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನವು ೫೯ ಮಂದಿ ಸ್ವಲೀನ ವಯಸ್ಕರನ್ನು ವಿಚಾರಿಸಿತು. ಈ ವ್ಯಾಖ್ಯೆಗೆ ಒಳಪಡದ ಕಹಿ ಅನುಭವಗಳಿಂದಲೂ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯಲ್ಲಿ ಆಘಾತೋತ್ತರ ವ್ಯಾಧಿಯ ಲಕ್ಷಣಗಳು ಕಂಡುಬಂದವು. ಅಧ್ಯಯನವು ಚಿಕ್ಕದು, ಆದರೆ ಉಪಾಧ್ಯಾಯರು ಗಮನಿಸತಕ್ಕದ್ದು: ಸಹಪಾಠಿಗಳ ನಿತ್ಯದ ಅಪಹಾಸ್ಯವು ಈ ಮಕ್ಕಳಿಗೆ ಕೇವಲ ತುಂಟಾಟವಾಗಿ ಉಳಿಯದಿರಬಹುದು.

ಇಲ್ಲಿ ಇನ್ನೊಂದು ತೊಡಕಿದೆ. ಮಗುವು ನಿದ್ರೆ ಬಿಟ್ಟರೆ, ಕಲಿತ ಮಾತನ್ನು ಮರೆತರೆ, ತನ್ನನ್ನೇ ಹೊಡೆದುಕೊಂಡರೆ ‘ಅದು ಸ್ವಲೀನತೆಯ ಸ್ವಭಾವ’ ಎಂದು ಕೈಬಿಡುವುದುಂಟು. ನಡತೆಯಲ್ಲಿ ಹಠಾತ್ತಾದ ವ್ಯತ್ಯಾಸ ಕಂಡಲ್ಲಿ ಹಲ್ಲುನೋವಿನಿಂದ ಹಿಡಿದು ಹಿಂಸೆಯವರೆಗೆ ಕಾರಣವನ್ನು ಹುಡುಕಲೇಬೇಕು. ಮಾತಿನಲ್ಲಿ ಹೇಳಲಾರದ ಮಗುವು ಚಿತ್ರದಿಂದಲೋ ಬರಹದಿಂದಲೋ ಹೇಳೀತು.

ಉಪಚಾರದ ಕ್ರಮವನ್ನೂ ಅವರಿಗೆ ಹೊಂದಿಸಬೇಕಾಗುತ್ತದೆ. ೨೦೧೨ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ವೈದ್ಯಕೀಯ ಮಾರ್ಗಸೂಚಿಯು ಆಲಂಕಾರಿಕ ನುಡಿಗಳನ್ನು ಬಿಟ್ಟು ನೇರವಾಗಿ ಮಾತನಾಡಬೇಕು, ಬರೆದೂ ತೋರಿಸಬೇಕು, ನಡುನಡುವೆ ಬಿಡುವು ಕೊಡಬೇಕು, ಸಾಧ್ಯವಿದ್ದಲ್ಲಿ ಅವರ ವಿಶೇಷಾಸಕ್ತಿಗಳನ್ನು ಚಿಕಿತ್ಸೆಯಲ್ಲಿ ಸೇರಿಸಬೇಕು ಎನ್ನುತ್ತದೆ. ಆ ರೈತ ದಂಪತಿಗಳು ಇದನ್ನು ಯಾವ ಮಾರ್ಗಸೂಚಿಯೂ ಇಲ್ಲದೆ ಮಾಡಿದ್ದರು.

ನಮ್ಮ ದೇಶದಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾನ್ಯಮಾಡಿದ ೨೧ ವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ. ೨೦೧೭ರ ಮಾನಸಿಕ ಆರೋಗ್ಯ ಅಧಿನಿಯಮವು ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರೀಕ್ಷೆ, ಸಲಹೆಗಳು ದೊರೆಯುತ್ತವೆ. ದೂರದ ಹಳ್ಳಿಯ ಪಾಲಕರಿಗೆ ಅಲ್ಲಿಗೆ ಹೋಗಿಬರುವುದೇ ಒಂದು ಸಾಹಸ. ಆದುದರಿಂದ ತೊಂದರೆಯನ್ನು ಮೊದಲು ಕಾಣುವ ಹೊಣೆ ಬಹುತೇಕ ತರಗತಿಯ ಉಪಾಧ್ಯಾಯರ ಮೇಲೆಯೇ ಬೀಳುತ್ತದೆ.

ಡೊನಾಲ್ಡ್ ಟ್ರಿಪ್ಲೆಟ್ ಅವರು ೨೦೨೩ರ ಜೂನ್ ತಿಂಗಳಲ್ಲಿ, ತಮ್ಮ ೮೯ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಜೀವಮಾನದ ಬಹುಭಾಗವನ್ನು ಕಳೆದ ಫಾರೆಸ್ಟ್ ಎಂಬ ಆ ಚಿಕ್ಕ ಪಟ್ಟಣದ ಜನ ಅವರನ್ನು ತಮ್ಮವರೆಂದೇ ಬಗೆದಿದ್ದರು.