ಹಾರ್ಮೋನ್ ಇದ್ದರೆ ಸಾಲದು, ಹಿಡಿಯುವ 'ಗ್ರಾಹಿ'ಯೂ ಬೇಕು



"ಡಾಕ್ಟ್ರೇ, ಮೂರು ಸಲ ಹಾಕಿಸಿದೆ, ಗಬ್ಬ ಕಟ್ಟಲಿಲ್ಲ. ಯಾವುದಾದರೂ ಹಾರ್ಮೋನ್ ಇಂಜೆಕ್ಷನ್ ಕೊಟ್ಟುಬಿಡಿ." ಬರಡು ರಾಸುಗಳ ಚಿಕಿತ್ಸಾ ಶಿಬಿರಗಳಲ್ಲಿ ತಪ್ಪದೆ ಕೇಳಿಬರುವ ಮಾತಿದು. ಹಾರ್ಮೋನ್ ಕಡಿಮೆಯಾಗಿದೆ, ಹೊರಗಿನಿಂದ ಕೊಟ್ಟರೆ ಸರಿಹೋಗುತ್ತದೆ ಎಂಬ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ.

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಸುವನ್ನು ಬೆದೆಗೆ ತರುತ್ತದೆ. ಪ್ರೊಜೆಸ್ಟರಾನ್ ಗಬ್ಬವನ್ನು ಕಾಯುತ್ತದೆ. ಎರಡೂ ಸ್ಟೀರಾಯ್ಡ್ ಜಾತಿಯ ಹಾರ್ಮೋನುಗಳು. ರಕ್ತದೊಡನೆ ಇವು ಮೈಯೆಲ್ಲಾ ಸುತ್ತಿದರೂ, ತಮ್ಮನ್ನು ಹಿಡಿದುಕೊಳ್ಳುವ ವಿಶೇಷ ಪ್ರೋಟೀನ್ ಇರುವ ಜೀವಕೋಶಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಈ ಪ್ರೋಟೀನಿಗೆ ಪುಸ್ತಕಗಳಲ್ಲಿ 'ಗ್ರಾಹಕ' ಎನ್ನುವುದುಂಟು. ನಮಗೆ ಗ್ರಾಹಕರೆಂದರೆ ಪ್ಯಾಕೆಟ್ ಹಾಲು ಕೊಳ್ಳುವವರು. ಗೊಂದಲ ಬೇಡ, ಇಲ್ಲಿ 'ಗ್ರಾಹಿ' ಎನ್ನೋಣ. ಹಾಲಿನ ಲಾರಿ ಊರೂರು ಸುತ್ತಿ ಶೀತಲ ಕೇಂದ್ರಕ್ಕೆ ಬಂದರೂ, ಕ್ಯಾನು ಇಳಿಸಿಕೊಳ್ಳುವವರೇ ಇಲ್ಲದಿದ್ದರೆ ಲಾರಿ ತುಂಬಾ ಹಾಲಿದ್ದು ಏನು ಪ್ರಯೋಜನ?

1950ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಎಲ್‌ವುಡ್ ಜೆನ್ಸನ್ ಮತ್ತು ಸಂಗಡಿಗರು, ವಿಕಿರಣದ ಗುರುತು ಹಾಕಿದ ಈಸ್ಟ್ರೋಜನ್ ಅನ್ನು ಎಳೆಯ ಹೆಣ್ಣು ಇಲಿಗಳಿಗೆ ಕೊಟ್ಟು ನೋಡಿದರು. ರಕ್ತ ಮತ್ತು ಮಾಂಸಖಂಡಗಳಿಂದ ಅದು ಬೇಗ ಜಾರಿಹೋಯಿತು. ಗರ್ಭಕೋಶ ಮಾತ್ರ ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿತು.

ಹಸುವಿನಲ್ಲಿ ಗ್ರಾಹಿ ಅಳೆಯುವ ಹಳೆಯ ಕ್ರಮವೂ ಇದೇ ಜಾಡಿನದು. ಕಸಾಯಿಖಾನೆಯಲ್ಲಿ ದೊರೆತ ಗರ್ಭಕೋಶದಿಂದಲೋ, ಬದುಕಿರುವ ಹಸುವಿನ ಗರ್ಭಕೋಶದ ಒಳಪದರದಿಂದಲೋ ಒಂದು ಚೂರು ತೆಗೆಯುತ್ತಾರೆ. ಬಿಸಿ ತಗಲಿದರೆ ಗ್ರಾಹಿ ಕೆಡುತ್ತದೆ. ಆದ್ದರಿಂದ ನಮ್ಮ ವೀರ್ಯ ನಳಿಕೆಗಳನ್ನು ಇಡುವಂತೆಯೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ತಂಪಿನಲ್ಲೇ ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಗೆ ಗುರುತಿನ ಹಾರ್ಮೋನ್ ಬೆರೆಸುತ್ತಾರೆ. ಗ್ರಾಹಿ ಹಿಡಿದಷ್ಟು ಉಳಿಯುತ್ತದೆ. ಬಿಡಿಯಾಗಿರುವುದನ್ನು ಇದ್ದಿಲ ಪುಡಿ ಹೀರಿಕೊಳ್ಳುತ್ತದೆ. ಉಳಿದ ಗುರುತನ್ನು ಯಂತ್ರ ಎಣಿಸುತ್ತದೆ.

ಇದರಲ್ಲೊಂದು ಕೊರತೆಯಿದೆ. ಎಲ್ಲವನ್ನೂ ಅರೆದ ಮೇಲೆ ಯಾವ ಪದರದಲ್ಲಿ ಎಷ್ಟಿತ್ತೆಂದು ತಿಳಿಯದು. ಕ್ಯಾನಿನ ಮಿಶ್ರ ಹಾಲಿನ ಫ್ಯಾಟ್ ನೋಡಿ ಯಾರ ಹಾಲು ತೆಳು ಎಂದು ಹೇಳಲಾಗದ ಹಾಗೆ. ಅದಕ್ಕೇ ಈಗ ಚೂರನ್ನು ಕೂದಲಿಗಿಂತ ತೆಳುವಾಗಿ ಸೀಳಿ, ಗ್ರಾಹಿಗೆ ಮಾತ್ರ ಅಂಟುವ ಪ್ರತಿಕಾಯ ಹಾಕಿ, ಬಣ್ಣ ಬರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಬ್ಬೊಬ್ಬ ಸದಸ್ಯರ ಮಾದರಿ ಸೀಸೆಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದಂತೆ.

ಹೀಗೆ ನೋಡಿದಾಗ ತಿಳಿದುಬಂದದ್ದು ಸ್ವಾರಸ್ಯವಾಗಿದೆ. ಬೆದೆಯ ಆಸುಪಾಸಿನಲ್ಲಿ ಗರ್ಭಕೋಶದಲ್ಲಿ ಎರಡೂ ಗ್ರಾಹಿಗಳು ಹೆಚ್ಚು. ಆಮೇಲೆ ಅಂಡಾಶಯದ ಹಳದಿ ಕಾಯದಿಂದ ಪ್ರೊಜೆಸ್ಟರಾನ್ ಬರುತ್ತಾ ಹೋದಂತೆ, ಅದು ತನ್ನ ಗ್ರಾಹಿಗಳನ್ನು ತಾನೇ ಇಳಿಸುತ್ತದೆ! ಹನ್ನೆರಡು, ಹದಿಮೂರನೇ ದಿನದ ಹೊತ್ತಿಗೆ ಗರ್ಭಕೋಶದ ಒಳಮೈಯಲ್ಲಿ ಅವು ಬಹುತೇಕ ಮಾಯ. ಆಗ ಅದರ ಹತೋಟಿ ಸಡಿಲವಾಗುತ್ತದೆ. ಕೆಚ್ಚಲಲ್ಲಿ ಹಾಲು ಇಳಿಸುವ ಆಕ್ಸಿಟೋಸಿನ್ ಇದೆಯಲ್ಲ, ಅದನ್ನು ಹಿಡಿಯುವ ಗ್ರಾಹಿಗಳು ಗರ್ಭಕೋಶದಲ್ಲಿ ಏಳುತ್ತವೆ. ಗರ್ಭಕೋಶ ಪ್ರೋಸ್ಟಾಗ್ಲಾಂಡಿನ್ ಬಿಡುತ್ತದೆ, ಹಳದಿ ಕಾಯ ಕರಗುತ್ತದೆ, 21ನೇ ದಿನದ ಸುಮಾರಿಗೆ ಹಸು ಮತ್ತೆ ಕೂಗುತ್ತದೆ. ಗಬ್ಬ ನಿಂತಿದ್ದರೆ, 16ನೇ ದಿನದ ಆಸುಪಾಸಿನಲ್ಲಿ ಭ್ರೂಣವೇ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಬಿಟ್ಟು ಆಕ್ಸಿಟೋಸಿನ್ ಗ್ರಾಹಿ ಏಳದಂತೆ ತಡೆಯುತ್ತದೆ. ನೀವು ಕ್ಯಾಲೆಂಡರ್ ನೋಡಿ ಎಣಿಸುವ 21 ದಿನದ ಒಳಗುಟ್ಟು ಇದು.

ಮೂಕ ಬೆದೆಗೂ ಇಂಥದೇ ಕಾರಣವುಂಟು. ಕರು ಹಾಕಿದ ನಂತರ ಮೊದಲ ಸಲ ಅಂಡ ಬಿಡುಗಡೆಯಾಗುವಾಗ ಲಕ್ಷಣ ಕಾಣದಿರುವುದು ಸಾಮಾನ್ಯ. ಈಸ್ಟ್ರೋಜನ್ ಇದ್ದರೂ, ಅದಕ್ಕೆ ಮುಂಚೆ ಪ್ರೊಜೆಸ್ಟರಾನ್ ಸೋಕಿರದ ಮೆದುಳು ಸರಿಯಾಗಿ ಸ್ಪಂದಿಸದು. ವೈದ್ಯರು ಕೆಲವು ರಾಸುಗಳಿಗೆ ಏಳೆಂಟು ದಿನ ಯೋನಿಯಲ್ಲಿ ಪ್ರೊಜೆಸ್ಟರಾನ್ ಸಾಧನ ಇಡುವುದು ಇದಕ್ಕೇ.

ಪ್ರೋಸ್ಟಾಗ್ಲಾಂಡಿನ್ ಚುಚ್ಚುಮದ್ದಿನ ವಿಷಯದಲ್ಲಂತೂ ಅವಸರ ಕೂಡದು. ಹಳದಿ ಕಾಯ ಬಲಿತಿರುವಾಗ ಕೊಟ್ಟರೆ ಮಾತ್ರ ಫಲ. ಬೆದೆಯಾದ ಮೊದಲ ನಾಲ್ಕೈದು ದಿನಗಳಲ್ಲಿ ಕೊಟ್ಟರೆ ದುಡ್ಡು ದಂಡ. ಗಬ್ಬದ ಮೊದಲ ತಿಂಗಳುಗಳಲ್ಲಿ ಕೊಟ್ಟರೆ ಕಂದು ಹಾಕುತ್ತದೆ. ಗಬ್ಬ ಪರೀಕ್ಷೆ ಮಾಡಿಸದೆ ಈ ಇಂಜೆಕ್ಷನ್ ಕೇಳಲೇಬೇಡಿ.

"ನಮ್ಮ ಹಸುವಿಗೂ ಗ್ರಾಹಿ ಪರೀಕ್ಷೆ ಮಾಡಿಸಬಹುದೇ?" ಎಂದು ಕೇಳಬಹುದು. ಅದು ಸಂಶೋಧನಾಲಯದ ಕೆಲಸ. ಒಂದು ಚೂರು ಆ ಒಂದು ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕೊಟ್ಟಿಗೆಯಲ್ಲಿ ಮೊದಲು ನೋಡಬೇಕಾದವು ಬೇರೆ ಇವೆ: ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿದೆಯೇ, ಕೀವಿನ ಎಳೆ ಇದೆಯೇ, ಕರು ಹಾಕಿದ ಮೇಲೆ ಹಸು ಮೈ ಇಳಿದಿದೆಯೇ, ಬೆಳಿಗ್ಗೆ ಕಂಡ ಬೆದೆಗೆ ಅದೇ ಸಂಜೆ ಹಾಕಿಸಿದಿರೋ ಮರುದಿನವೋ. ಶಿಬಿರಕ್ಕೆ ಬರುವಾಗ ಕರು ಹಾಕಿದ, ಬೆದೆಗೆ ಬಂದ, ಹಾಕಿಸಿದ ತಾರೀಖುಗಳನ್ನು ಬರೆದ ಚೀಟಿ ತನ್ನಿ. ಗರ್ಭಕೋಶ ಇಂದು ಯಾವ ಹಂತದಲ್ಲಿದೆಯೆಂದು ಅಂದಾಜು ಮಾಡಲು ವೈದ್ಯರಿಗೆ ಅದು ಬೇಕು.